ತವರೂರಿನಲ್ಲಿ ನಿಂತ ಟಾಚಣಿ

ನಾನು ಒಂದು ಗುಂಡುಸೂಜಿ. ಈ ಸೀಮೆಯವರು ನನ್ನನ್ನು ಟಾಚಣಿ ಅನ್ನುತ್ತಾರೆ. ಮೈ ಉಕ್ಕಿನದು, ತಲೆ ಕೆಂಪು ಪ್ಲಾಸ್ಟಿಕ್ಕಿನದು. ಯಾವುದೋ ಕಾರ್ಖಾನೆಯಲ್ಲಿ ತಂತಿಯ ಸುರುಳಿಯಿಂದ ನನ್ನನ್ನು ಕತ್ತರಿಸಿ, ಮೂತಿ ಮಸೆದು, ತಲೆ ಕೂರಿಸಿ, ನೂರು ಮಂದಿ ಒಡಹುಟ್ಟಿದವರ ಜೊತೆ ಡಬ್ಬಿಗೆ ಸುರಿದರು. ಚುಚ್ಚುವುದು ನನ್ನ ಹುಟ್ಟುಗುಣ. ಆದರೆ ಚುಚ್ಚಲೇಬೇಕಾಗಿದ್ದ ಒಂದು ದಿನ ಚುಚ್ಚದೆ ಸುಮ್ಮನಿದ್ದುಬಿಟ್ಟೆ. ಆ ಕಥೆಯನ್ನೇ ಹೇಳುತ್ತೇನೆ.

ನಮ್ಮ ಡಬ್ಬಿಯನ್ನು ಕೊಂಡವರು ವಿಮಲಾ ಹಡಪದ. ಜಿಲ್ಲೆಯ ಒಂದು ದೊಡ್ಡ ಆಸ್ಪತ್ರೆಯ ಮೂಲೆ ಕೋಣೆಯಲ್ಲಿ ಅವರ ಮೇಜು. ಬಾಗಿಲ ಮೇಲೆ ‘ಮಕ್ಕಳ ಸಕ್ಕರೆ ಕಾಯಿಲೆ ನೋಂದಣಿ’ ಎಂದು ಬರೆದಿತ್ತು. ಹದಿನೈದು ವರ್ಷದೊಳಗಿನ ಯಾವ ಮಗುವಿಗೆ ಇನ್ಸುಲಿನ್ ಶುರುವಾದರೂ ಅದರ ಹೆಸರು, ವಯಸ್ಸು, ಊರು ಅಲ್ಲಿ ದಾಖಲಾಗಬೇಕು. ಆ ಕೋಣೆಗೆ ಹಿರಿಯರಾದ ಡಾಕ್ಟರ್ ನದಾಫರು ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

“ಮಕ್ಕಳಿಗೆ ಈ ಬ್ಯಾನಿ ಸಕ್ಕರಿ ತಿಂದು ಬರೂದಲ್ಲ. ಯಾಕ ಬರತೈತಿ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಒಂದ ದೇಶದಾಗ ಭಾಳ, ಒಂದ ದೇಶದಾಗ ಕಡಿಮಿ. ನೀರೋ, ಹಾಲೋ, ಯಾವುದಾರ ಜ್ವರಾನೋ? ಅದನ್ನ ಹುಡುಕಾಕ ಎಲ್ಲಾ ದೇಶದವರೂ ತಮ್ಮ ಮಕ್ಕಳನ್ನ ಎಣಿಸಾಕ ಹತ್ಯಾರ. ನಾವು ನಮ್ಮ ಜಿಲ್ಲಾ ಸರಿಯಾಗಿ ಎಣಿಸಿ ಕೊಡೂಣು.”

ಗೋಡೆಯ ಹಲಗೆಗೆ ಜಿಲ್ಲೆಯ ನಕ್ಷೆ ಹಚ್ಚಿದ್ದರು. ಒಂದು ಮಗುವಿಗೆ ಒಂದು ಟಾಚಣಿ. ಹುಡುಗನಿಗೆ ನೀಲಿ, ಹುಡುಗಿಗೆ ಕೆಂಪು. ಯಾವ ಊರಿನಲ್ಲಿ ಎರಡು ಟಾಚಣಿ ಕೂಡುತ್ತವೋ ಆ ಊರಿನ ಶಾಲೆಗೆ ವಿಮಲಾ ಮೊದಲು ಹೋಗುತ್ತಿದ್ದರು. ಮಗು ವಿಪರೀತ ನೀರು ಕುಡಿಯುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಸೊರಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಕರೆತನ್ನಿ ಎಂದು ಹೇಳಿಬರುತ್ತಿದ್ದರು. ಹಾಗಾಗಿ ನಾವೆಲ್ಲಿ ನಿಲ್ಲುತ್ತೇವೆ ಎಂಬುದು ಸಣ್ಣ ಮಾತಲ್ಲ.

ನನ್ನ ಸರದಿ ಬಂದದ್ದು ರೇಣವ್ವನಿಂದ. ಒಂಬತ್ತು ವರ್ಷದ ಹುಡುಗಿ, ಮುಖ ಬಿಳಿಚಿಕೊಂಡಿತ್ತು. ಫಾರಂ ತರಲು ವಿಮಲಾ ಪಕ್ಕದ ಕೋಣೆಗೆ ಹೋದರು. ತಾಯಿ ಶಾಂತವ್ವ ಮಗಳ ಕಿವಿಯ ಹತ್ತಿರ ಬಗ್ಗಿದಳು. ನಾನು ಮೇಜಿನ ಮೇಲೆ, ಅರಳೆ ತುಂಬಿದ ಸೋಪಿನ ಡಬ್ಬಿಯಲ್ಲಿ ತಲೆ ಎತ್ತಿ ನಿಂತಿದ್ದೆ. ಎಲ್ಲ ಕೇಳಿಸಿತು.

“ಊರ ಕೇಳಿದ್ರ ಅಜ್ಜಿ ಊರ ಹೇಳು. ಜಾಲಿಕೊಪ್ಪ ಅನ್ನು. ಕರಿಬೇವಿನಹಾಳ ಅಂತ ಬಾಯಿ ಬಿಡಬ್ಯಾಡ. ಊರಾಗ ಗೊತ್ತಾದ್ರ ನಾಳೆ ನಿನ್ನ ಯಾರ ಮಾಡ್ಕೋತಾರ?”

“ಸುಳ್ಳ ಹೇಳಿದ್ರ ಸೂಜಿ ಜಾಸ್ತಿ ಚುಚ್ಚತಾರೇನ ಯವ್ವಾ?” ಎಂದಳು ರೇಣವ್ವ.

ಅಷ್ಟರಲ್ಲಿ ವಿಮಲಾ ಬಂದರು, ಕೇಳಿದರು, ಹುಡುಗಿ ಜಾಲಿಕೊಪ್ಪ ಎಂದಳು. ವಿಮಲಾ ಬರೆದುಕೊಂಡು ನನ್ನನ್ನು ಕೈಗೆತ್ತಿಕೊಂಡರು. ಅವರ ಬೆರಳು ನನ್ನ ಮೊನೆಯ ಪಕ್ಕದಲ್ಲೇ ಇತ್ತು. ಒಂದು ಸಲ ಚುಚ್ಚಿದ್ದರೆ ಅವರು ಒಂದು ಗಳಿಗೆ ನಿಲ್ಲುತ್ತಿದ್ದರೇನೋ, ಆ ಹುಡುಗಿಯ ಮುಖ ನೋಡಿ ಇನ್ನೊಂದು ಮಾತು ಕೇಳುತ್ತಿದ್ದರೇನೋ. ಯಾರ ಯಾರದೋ ಬೆರಳಿಗೆ ಸುಮ್ಮನೆ ಚುಚ್ಚಿದವನು ನಾನು, ಆ ದಿನ ಸಾಧುವಿನಂತೆ ಜಾಲಿಕೊಪ್ಪಕ್ಕೆ ಹೋಗಿ ನೆಟ್ಟಗೆ ನಿಂತೆ.

ಮುಂದಿನ ತಿಂಗಳು ವಿಮಲಾ ನಾಲ್ಕು ಪುಟದ ಪ್ರಶ್ನೆಗಳನ್ನು ಹಿಡಿದು ಜಾಲಿಕೊಪ್ಪಕ್ಕೇ ಹೋಗಿಬಂದರು. ರೇಣವ್ವನ ಅಜ್ಜಿ ಚಹಾ ಕೊಟ್ಟು ಉಪಚರಿಸಿದ್ದಳಂತೆ.

“ಎಲ್ಲಾದಕ್ಕೂ ಉತ್ತರ ಕೊಟ್ಟಾಳ್ರಿ ಸರ್. ಎಮ್ಮಿ ಹೆಸರ ಸೈತ ಹೇಳ್ಯಾಳ,” ಎಂದು ವಿಮಲಾ ನಗುತ್ತ ಡಾಕ್ಟರಿಗೆ ವರದಿ ಒಪ್ಪಿಸಿದರು.

ಕುಡಿಯುವುದು ಬಾವಿಯ ನೀರು, ಹಾಲು ಮನೆಯ ಎಮ್ಮೆಯದು, ಅಂಗಳದಲ್ಲಿ ಬೇವಿನ ಮರ. ಮುದುಕಿ ಹೇಳಿದ್ದೆಲ್ಲ ನಿಜವೇ, ಆದರೆ ಅದು ಮುದುಕಿಯ ಮನೆಯ ನಿಜ. ಮೊಮ್ಮಗಳು ಎಲ್ಲಿ ಎಂದರೆ ಶಾಲೆಗೆ ಹೋಗಿದ್ದಾಳೆ ಎಂದಳಂತೆ. ಅದೂ ನಿಜ. ಯಾವ ಊರಿನ ಶಾಲೆ ಎಂದು ಮಾತ್ರ ಹೇಳಲಿಲ್ಲ. ಆ ಕಾಗದ ನಮ್ಮ ಜಿಲ್ಲೆಯ ಬೇರೆ ಕಾಗದಗಳ ಜೊತೆ ದೂರದ ಯಾವುದೋ ದೇಶಕ್ಕೆ ಹೋಯಿತು. ಅಲ್ಲಿಯ ಪಂಡಿತರು ರೇಣವ್ವ ಕುಡಿಯದ ನೀರಿನ ಮೇಲೆ ತಲೆ ಕೆಡಿಸಿಕೊಂಡು ಕುಳಿತಿರಬೇಕು ಎಂದು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವರ್ಷ ಕಳೆಯಿತು. ನಾನಿದ್ದ ಜಾಗದಿಂದ ನಾಲ್ಕು ಬೆರಳು ಕೆಳಗೆ ಕರಿಬೇವಿನಹಾಳ ಕಾಣುತ್ತಿತ್ತು. ಅಲ್ಲಿ ಒಂದು ಟಾಚಣಿಯೂ ಇರಲಿಲ್ಲ. ಹಾಗಾಗಿ ಆ ಊರಿನ ಶಾಲೆಗೆ ವಿಮಲಾ ಹೋಗಲೂ ಇಲ್ಲ.

ಒಂದು ಮಧ್ಯಾಹ್ನ ಶಾಂತವ್ವ ಒಬ್ಬಳೇ ಬಂದಳು. ಇನ್ಸುಲಿನ್ ಒಯ್ಯುವ ದಿನವಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅಕ್ಕಾರ, ನಮ್ಮ ಊರು ಜಾಲಿಕೊಪ್ಪ ಅಲ್ರಿ. ಅದು ನನ್ನ ತವರಮನಿ. ನಾವಿರೂದು ಕರಿಬೇವಿನಹಾಳದಾಗ.”

“ಈಗ್ಯಾಕ ಹೇಳಾಕ ಹತ್ತೀಯವಾ?”

“ಬಾಜೂ ಮನಿ ಗಂಗವ್ವನ ಮಗಳು ಪಾರಿ ಸೋಮವಾರ ತೀರಿಕೊಂಡ್ಳು. ಏಳ ವರ್ಷದ ಕೂಸು. ಬಿಸಲಿನ ಜ್ವರಾ ಅಂದ್ರು. ಜ್ವರಾ ಅಲ್ರಿ ಅದು. ಹದಿನೈದ ದಿನದಿಂದ ತಂಬಿಗಿ ಮ್ಯಾಲ ತಂಬಿಗಿ ನೀರ ಕುಡಿಯೂದು ನಾ ನೋಡೀನಿ. ನಮ್ಮ ರೇಣಿಗೂ ಹಂಗ ಆಗಿತ್ತಲ್ಲ, ನನಗ ಗೊತ್ತಾತು. ಹೇಳಿದ್ರ ‘ನಿನಗ ಹ್ಯಾಂಗ ಗೊತ್ತು’ ಅಂತ ಕೇಳತಾರಂತ ಬಾಯಿ ಮುಚ್ಚಿಕೊಂಡ ಕುಂತೆ.”

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ವಿಮಲಾ ಬೈಯಲಿಲ್ಲ. “ನಿಮ್ಮ ಅವ್ವನ ಮನಿಗೆ ಬಂದಾಗ ಕೂಸಿನ ಅಂಗಿ ಒಂದಾದ್ರೂ ಒಣಗಾಕ ಹಾಕ್ಯಾರೇನ ಅಂತ ನಾ ನೋಡಬೇಕಿತ್ತು. ಚಹಾ ಕುಡದ ಬಂದೆ,” ಎಂದರು.

ಮರುದಿನದಿಂದ ವಿಮಲಾ ಎಲ್ಲ ಮಕ್ಕಳನ್ನೂ ಮತ್ತೆ ವಿಚಾರಿಸಿದರು. ಈಗ ಊರು ಕೇಳಲಿಲ್ಲ, ‘ನಿಮ್ಮ ಸಾಲಿ ಮಾಸ್ತರ ಹೆಸರೇನು’ ಎಂದು ಕೇಳಿದರು. ಮಾಸ್ತರರ ಬೆನ್ನು ಹಿಡಿದು ಹೋದರೆ ನಿಜವಾದ ಊರು ಸಿಗುತ್ತಿತ್ತು. ನೀಲಿ ಟಾಚಣಿಗಳು ಒಂದೂ ಅಲುಗಲಿಲ್ಲ. ಗಂಡುಮಕ್ಕಳನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಕೆಂಪು ಟಾಚಣಿಗಳು ಮಾತ್ರ ಒಂದೊಂದಾಗಿ ತವರು ಬಿಟ್ಟು ಹೊರಟವು. ನನ್ನನ್ನು ಕಿತ್ತು ಕರಿಬೇವಿನಹಾಳದಲ್ಲಿ ನೆಟ್ಟರು. ವಾರದೊಳಗೆ ಇನ್ನೆರಡು ಕೆಂಪು ಟಾಚಣಿ ನನ್ನ ಪಕ್ಕಕ್ಕೆ ಬಂದು ನಿಂತವು. ಒಂದು ಬಂದದ್ದು ಜಿಲ್ಲೆಯ ಮೇಲಿನ ತುದಿಯಿಂದ, ಇನ್ನೊಂದು ಕೆಳಗಿನ ತುದಿಯಿಂದ. ಮೂವರೂ ಹುಡುಗಿಯರು ಒಂದೇ ಓಣಿಯವರು. ಮೂವರು ತಾಯಂದಿರೂ ತಿಂಗಳಿಗೊಮ್ಮೆ ‘ತವರಿಗೆ ಹೋಗಿ ಬರತೀನಿ’ ಎಂದು ಒಬ್ಬರಿಗೊಬ್ಬರು ಹೇಳಿ ಇನ್ಸುಲಿನ್ ಒಯ್ಯಲು ಬಸ್ಸು ಹತ್ತಿದವರೇ.

ಡಾಕ್ಟರು ನಕ್ಷೆಯ ಮುಂದೆ ನಿಂತು ಹಣೆ ಒತ್ತಿಕೊಂಡರು. ಕಳಿಸಿದ ಕಾಗದಗಳು ತಪ್ಪು ಎಂದು ಆ ದೂರದ ದೇಶಕ್ಕೆ ಪತ್ರ ಬರೆದರು. ವಿಮಲಾ ಆ ಊರಿನ ಶಾಲೆಗೆ ಹೋಗಿಬಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬಂದವರೇ ಡಬ್ಬಿಯಿಂದ ಇನ್ನೊಂದು ಕೆಂಪು ಟಾಚಣಿ ತೆಗೆದು ನನ್ನ ಮಗ್ಗುಲಲ್ಲಿ ಚುಚ್ಚಿದರು.

“ಇದು ಯಾರದು?” ಎಂದರು ಡಾಕ್ಟರು.

“ಪಾರೀದ್ರಿ.”

“ಆ ಕೂಸಿನ ರಕ್ತಾ ಯಾರೂ ತಪಾಸ ಮಾಡಿಲ್ಲ ವಿಮಲಾ. ತಪಾಸ ಆಗದ ಮಗುನ ಎಣಿಸಾಕ ಬರಂಗಿಲ್ಲ.” ನಿಯಮ ನಿಯಮವೇ.

ವಿಮಲಾ ಟಾಚಣಿಯನ್ನು ಹಿಂದಕ್ಕೆ ಎಳೆದುಕೊಂಡರು. ತೂತು ಉಳಿಯಿತು.

ನಾಲ್ಕು ವರ್ಷದ ಮೇಲೆ ಕೋಣೆಗೆ ಕಂಪ್ಯೂಟರು ಬಂತು. ನಕ್ಷೆ ಇಳಿಸುವ ದಿನ ರೇಣವ್ವ ಇನ್ಸುಲಿನ್ ಒಯ್ಯಲು ಬಂದಿದ್ದಳು. ಈಗ ಹೈಸ್ಕೂಲು ಹುಡುಗಿ, ತನ್ನ ಸೂಜಿ ತಾನೇ ಚುಚ್ಚಿಕೊಳ್ಳುತ್ತಾಳೆ. ಊರು ಕೇಳಿದರೆ ಕರಿಬೇವಿನಹಾಳ ಎಂದು ಗಟ್ಟಿಯಾಗಿ ಹೇಳುತ್ತಾಳೆ.

“ಇದರಾಗ ನಾ ಯಾವಾಕೀರಿ?” ಎಂದು ಕೇಳಿದಳು. ವಿಮಲಾ ನನ್ನನ್ನು ತೋರಿಸಿದರು.

“ಬಾಜೂಕ ತೂತ ಐತಲ್ರಿ?”

ಅದು ಪಾರಿಯ ಜಾಗ ಎಂದು ವಿಮಲಾ ಹೇಳಿದರು. ರೇಣವ್ವ ತೋರುಬೆರಳನ್ನು ಆ ತೂತಿನ ಮೇಲೆ ಇಟ್ಟು, ಕೂಡಿ ಆಡಿದ ಗೆಳತಿಯ ಗಲ್ಲ ಮುಟ್ಟುವಂತೆ ಮೆಲ್ಲಗೆ ಸವರಿದಳು.

ಉಳಿದ ಟಾಚಣಿಗಳನ್ನು ಕಿತ್ತರು. ನಾನು ತುಕ್ಕು ಹಿಡಿದು ಹಲಗೆಗೆ ಕಚ್ಚಿಕೊಂಡಿದ್ದೆ, ಎಳೆದರೆ ಕೆಂಪು ತಲೆ ಮಾತ್ರ ಕಿತ್ತುಬಂತು. ಹಲಗೆಯ ಸಮೇತ ನನ್ನನ್ನು ಕಪಾಟಿನ ಮೇಲಕ್ಕೆ ಸೇರಿಸಿದರು. ಆ ಓಣಿಯ ಮಕ್ಕಳಿಗೆ ಕಾಯಿಲೆ ತಂದದ್ದು ನೀರೋ, ಹಾಲೋ, ಬಂದುಹೋದ ಯಾವುದೋ ಜ್ವರವೋ, ಕೇಳಬೇಕಾಗಿದ್ದ ಹೊತ್ತಿಗೆ ಯಾರೂ ಕೇಳಲಿಲ್ಲ. ನಾವು ಕೇಳಗೊಡಲಿಲ್ಲ. ಈಗ ಇಲ್ಲಿ ನಾನು, ನನ್ನ ಪಕ್ಕದಲ್ಲಿ ಆ ತೂತು. ಜಗತ್ತಿನ ಮಕ್ಕಳನ್ನೆಲ್ಲ ಎಣಿಸಿದವರ ಯಾವ ಪಟ್ಟಿಯಲ್ಲೂ ಪಾರಿ ಇಲ್ಲ. ಅವಳನ್ನು ಎಣಿಸುವವನು ನಾನೊಬ್ಬನೇ, ನನಗೆ ಬಾಯಿಲ್ಲ.