ಗುಲಾಬಬಿಯ ಹೊಸ ಹಲ್ಲು

ಕೊರೆಯುವ ಯಂತ್ರ ನಿಂತಾಗ ಗುಲಾಬಬಿಯ ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ. ಮೇಲೆ ನಾಲ್ಕು, ಕೆಳಗೆ ನಾಲ್ಕು ಮೊಂಡು ಗೂಟಗಳಿದ್ದವು. ಯುನೂಸ ನೀರು ಕೊಟ್ಟು ಮುಕ್ಕಳಿಸು ಎಂದ. ಅವಳು ಮುಕ್ಕಳಿಸಿ ಉಗುಳಿದಳು. ಬಟ್ಟಲಿನಲ್ಲಿ ಬಿಳಿ ಹುಡಿ ಒಂದು ಸುತ್ತು ತಿರುಗಿ ತೂತಿನೊಳಗೆ ಇಳಿಯಿತು. ಅದು ಇಷ್ಟು ದಿನ ತನ್ನ ತಾಯಿಯ ಹಲ್ಲಾಗಿತ್ತು ಎಂದು ನೆನಪಾಗಿ ಅವನು ನಲ್ಲಿಯನ್ನು ಜೋರಾಗಿ ಬಿಟ್ಟ.

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಅಷ್ಟರ ಮಟ್ಟಿಗೆ ಮನಸ್ಸು ಹಗುರಾಯಿತು. ಬೆಳಗಿನಿಂದ ಅವನನ್ನು ಕಾಡಿದ್ದು ಇನ್ನೂ ಹಿಂದೆ ಸರಿಯಬಹುದು ಎಂಬ ಅರಿವೇ.

"ಆತೇನಪಾ?" ಎಂದಳು ಅವಳು. ಸೂಜಿಯ ಮದ್ದಿಗೆ ಜೋಮು ಹಿಡಿದ ತುಟಿಗಳಿಂದ ಮಾತು ತೊದಲಾಗಿ ಬಂತು.

"ಇನ್ನ ಕ್ಯಾಪ್ ಕುಂದ್ರಿಸಿದರ ಮುಗೀತು."

ವಿದ್ಯಾಗಿರಿಯ ಈ ದವಾಖಾನೆಯ ಹೊರಗೆ 'ಸವೆದ ಹಲ್ಲುಗಳಿಗೆ ಮರುಜೀವ' ಎಂಬ ಫಲಕವಿದೆ. ಒಕ್ಕಣೆ ಅವನದೇ. ಗುಟಕಾ ತಿಂದವರು, ನಿದ್ದೆಯಲ್ಲಿ ಹಲ್ಲು ಕಡಿಯುವವರು, ಹುಳಿ ತೇಗಿನಿಂದ ಹಲ್ಲು ಕರಗಿಸಿಕೊಂಡವರು ಬರುತ್ತಾರೆ. ಅವನ ತಾಯಿಯದು ಇದ್ಯಾವುದೂ ಅಲ್ಲ. ಗುಳೇದಗುಡ್ಡದ ಮನೆಯಲ್ಲಿ ಅವಳು ಕುಪ್ಪಸದ ಖಣ ನೇಯುತ್ತಿದ್ದಳು. ಎಳೆ ಕಡಿದಾಗ ಗಂಟು ಹಾಕಿ, ಉಳಿದ ತುದಿಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ಕತ್ತರಿಸುತ್ತಿದ್ದಳು. ಕತ್ತರಿ ಹುಡುಕುತ್ತ ಕೂತರೆ ಮಗ್ಗ ನಿಲ್ಲುತ್ತದೆ. ಯಾವಾಗಲೂ ಅದೇ ಹಲ್ಲು, ಅದೇ ಜಾಗ. ಮೆತ್ತಗಿನ ದಾರ ಮೇಲಿನ ಎರಡು ಹಲ್ಲುಗಳ ನಡುವೆ ಒಂದು ಕಚ್ಚು ಕೊರೆದಿತ್ತು. ಅಕ್ಕಪಕ್ಕದವೂ ಕೆಳಗಿನವೂ ಅರ್ಧಕ್ಕೆ ಸವೆದಿದ್ದವು. ಆದರೂ ಕಟಕ ರೊಟ್ಟಿಯನ್ನೂ ಹಸಿ ಉಳ್ಳಾಗಡ್ಡಿಯನ್ನೂ ಅವಳು ಸರಾಗವಾಗಿ ತಿನ್ನುತ್ತಿದ್ದಳು.

ಆ ಖಣಗಳೇ ಅವನನ್ನು ದಂತವೈದ್ಯನನ್ನಾಗಿ ಮಾಡಿದ್ದವು. ಇದನ್ನು ಅವನು ಯಾರಿಗೂ ಮುಚ್ಚಿಟ್ಟವನಲ್ಲ. ಕಾಲೇಜಿನ ಸಮಾರಂಭವೊಂದರಲ್ಲಿ ಮೈಕಿನ ಮುಂದೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದ. ಮೈಕಿನಲ್ಲಿ ಹೇಳುವುದು ಸುಲಭ. ಅವಳು ಬಾಯ್ತುಂಬ ನಗುವಾಗ ಪಕ್ಕದಲ್ಲಿ ನಿಲ್ಲುವುದು ಬೇರೆ.

ಹೋದ ತಿಂಗಳು ಅವನ ಮದುವೆಗೆಂದು ತಬಸುಮ ಎಂಬ ಹುಡುಗಿಯನ್ನು ನೋಡಲು ಇಳಕಲ್ಲಿಗೆ ಹೋಗಿದ್ದರು. ಹುಡುಗಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ತಂದೆ ಇಬ್ರಾಹಿಂಸಾಬರದು ದೊಡ್ಡ ಅಂಗಡಿ, ದೊಡ್ಡ ಮನೆ. ಯಾವುದೋ ಮಾತಿಗೆ ಗುಲಾಬಬಿ ತನ್ನ ಓಣಿಯಲ್ಲಿ ನಕ್ಕಂತೆಯೇ ಅಲ್ಲೂ ಗಟ್ಟಿಯಾಗಿ ನಕ್ಕಳು. ಹುಡುಗಿಯ ತಾಯಿ ಮಕ್ತುಮಬಿಯ ಕಣ್ಣು ಆ ಕಚ್ಚಿನ ಮೇಲೆ ಒಂದು ಗಳಿಗೆ ನಿಂತಿತು. ನಿಲ್ಲದೆಯೂ ಇರಬಹುದು. ಯುನೂಸ ಮಾತ್ರ ಸಿರಾದ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟ.

ಇವತ್ತು ಸಂಜೆ ಅವರು ಮಾತು ಪಕ್ಕಾ ಮಾಡಲು ಬರುವವರಿದ್ದರು. ಇವರ ಕಡೆ ಮಾತು ಪಕ್ಕಾ ಆಯಿತೆಂದರೆ ಹುಡುಗಿಯ ತಾಯಿ ಹುಡುಗನ ತಾಯಿಯ ಬಾಯಿಗೆ ತನ್ನ ಕೈಯಾರೆ ಸಕ್ಕರೆ ಹಾಕಬೇಕು. ಎಲ್ಲರೂ ನೋಡುತ್ತಿರುವಾಗ ಬಾಯಿ ತೆರೆಯಬೇಕು. ಅವನು ಒಂದು ತಿಂಗಳಿನಿಂದ ಆ ತೆರೆದ ಬಾಯನ್ನೇ ಕಾಣುತ್ತಿದ್ದ.

ಅದಕ್ಕೇ ಇಳಕಲ್ಲಿನಿಂದ ಬಂದ ಮೇಲೆ ತಾಯಿಗೆ ಸುಳ್ಳು ಹೇಳಿದ. ಹಲ್ಲಿನೊಳಗಿನ ನರ ತೆರೆದುಕೊಂಡಿದೆ, ಹಾಗೇ ಬಿಟ್ಟರೆ ದವಡೆಗೆ ಇಳಿಯುತ್ತದೆ ಎಂದ. ನರ ಭದ್ರವಾಗಿತ್ತು. ತೀರಾ ಬೇಕೆಂದರೆ ಫಿಲ್ಲಿಂಗ್ ತುಂಬಿ ಕಚ್ಚು ಮುಚ್ಚಬಹುದಿತ್ತು, ಇದ್ದ ಹಲ್ಲನ್ನು ತೇಯುವ ಕಾರಣವೇ ಇರಲಿಲ್ಲ. ಆದರೆ ಕ್ಯಾಪಿನ ಹೊಳಪು ಫಿಲ್ಲಿಂಗಿಗೆ ಬರುವುದಿಲ್ಲ.

ಎರಡು ದಿನ ಕಳೆದ ಮೇಲೆ ಅವಳು ಪಕ್ಕದ ಮನೆಯ ಬಸಲಿಂಗವ್ವನ ಮುಂದೆ ರಾತ್ರಿಯೆಲ್ಲ ಹಲ್ಲು ಜುಮುಜುಮು ಅನ್ನುತ್ತದೆ ಎಂದು ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಒಳಗೆ ಕರೆದು ಕೇಳಿದ.

"ಖರೇನ ನೋವ ಐತೇನು?"

"ಮೊದಲ ಇರಲಿಲ್ಲಪಾ. ನೀ ಹೇಳಿದಾಗಿಂದ ಬರಾಕತ್ತೈತಿ."

ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಇವತ್ತು ಬೇಡ, ನಾಳೆ ನೋಡೋಣ ಎಂದು ದಿನ ದೂಡಿದ. ಒಮ್ಮೆ ಅವಳೇ ಒಲ್ಲೆ ಎಂದುಬಿಟ್ಟಿದ್ದರೆ ಅವನು ಪಾರಾಗುತ್ತಿದ್ದ. ಮಗನ ಮಾತನ್ನು ಸುಳ್ಳು ಮಾಡುವ ಹೆಂಗಸಲ್ಲ ಅವಳು. ಹಾಗೆ ದೂಡುತ್ತ ದೂಡುತ್ತ ಕೊನೆಯ ದಿನವೇ ಬಂದುಬಿಟ್ಟಿತು. ಸಹಾಯಕಿ ಅಂಜನಾಳಿಗೆ ಏನೋ ನೆವ ಹೇಳಿ ಬೆಳಿಗ್ಗೆಯೇ ರಜೆ ಕೊಟ್ಟು ಕಳಿಸಿದ್ದ. ಅಂಜನಾ ಸಾಕಷ್ಟು ಬಾಯಿ ನೋಡಿದವಳು. ಈ ಹಲ್ಲಿಗೆ ಕ್ಯಾಪ್ ಯಾಕ್ರಿ ಸರ್ ಎಂದು ಕೇಳಿಯೇ ಕೇಳುತ್ತಿದ್ದಳು.

ಕ್ಯಾಪುಗಳು ಕೂತವು. ಲ್ಯಾಬಿನಿಂದ ಖಾಯಂ ಹಲ್ಲು ಬರುವ ತನಕ ಇವು. ಆದರೂ ಸಾಲಾಗಿ, ಬೆಳ್ಳಗೆ, ಯಾವ ತಕರಾರೂ ಇಲ್ಲದೆ ನಿಂತವು. ಕೆಲಸ ಚೆನ್ನಾಗಿ ಬಂದಿತ್ತು. ಅದಕ್ಕೆ ಹೆಮ್ಮೆಪಟ್ಟ ಮರುಕ್ಷಣ ಅವನಿಗೆ ನಾಚಿಕೆಯಾಯಿತು.

ಕನ್ನಡಿ ಕೊಟ್ಟ. ಗುಲಾಬಬಿ ಬಹಳ ಹೊತ್ತು ನೋಡಿದಳು.

"ಯುನೂಸ," ಎಂದಳು ಕೊನೆಗೆ.

ಅವನು ಬೆಚ್ಚಿದ. ಹುಟ್ಟಿದಾಗಿನಿಂದ ಆ ಹೆಸರಿನ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ ಇರುತ್ತಿತ್ತು. ಗಾಳಿ ಆ ಕಚ್ಚಿನೊಳಗಿಂದ ಜಾರಿ ಬರುತ್ತಿತ್ತು. ಈಗ ಹೆಸರು ಸಪಾಟಾಗಿ ಬಂತು. ಕೌಂಟರಿನಲ್ಲಿ ಯಾರೋ ಮುಂದಿನ ರೋಗಿಯನ್ನು ಕರೆದ ಹಾಗಿತ್ತು.

"ಏನಮ್ಮಾ?"

"ಏನಿಲ್ಲಪಾ. ಛಲೋ ಅದಾವು."

ಇವತ್ತು ಹಾಕಿಸಿದ್ದೆಂದು ಬೀಗರ ಮುಂದೆ ಹೇಳಬೇಡ ಎಂದ. ತಮಗಾಗಿಯೇ ಮಾಡಿಸಿದ್ದು ಎಂದುಕೊಂಡಾರು. ಅವಳು ತಲೆಯಾಡಿಸಿದಳು. ಬಂದವರ ಮುಂದೆ ಏನು ಮಾಡಬೇಕು ಎಂದು ಕೇಳಿದಳು. ನಗುತ್ತಿರು, ಸಾಕು ಎಂದ.

ಸಂಜೆಯ ಹೊತ್ತಿಗೆ ಜೋಮು ಇಳಿದಿರುತ್ತದೆ ಎಂಬುದು ಅವನ ಲೆಕ್ಕ. ಅವಳು ದವಾಖಾನೆಯ ಮೇಲಿನ ತಮ್ಮ ಮನೆಗೆ ಹತ್ತಿ ಸೀರೆ ಬದಲಿಸುವಷ್ಟರಲ್ಲಿ ಇಬ್ರಾಹಿಂಸಾಬರ ಫೋನು ಬಂತು. ಬಿಸಿಲು ಇಳಿಯುವುದನ್ನು ಕಾಯದೆ ಇಳಕಲ್ ಬಿಟ್ಟಿದ್ದರಂತೆ, ಆಗಲೇ ವಿದ್ಯಾಗಿರಿಯ ಸರ್ಕಲ್ಲಿನಲ್ಲಿದ್ದರಂತೆ.

ಬಂದರು. ಕೂತರು. ಇಬ್ರಾಹಿಂಸಾಬರು ರಸ್ತೆಯ ಬಗ್ಗೆ ಮಾತಾಡಿದರು, ಯುನೂಸ ರಸ್ತೆಯ ಬಗ್ಗೆ ಉತ್ತರ ಕೊಟ್ಟ. ಮಕ್ತುಮಬಿ ಮನೆಯನ್ನು ಒಂದು ಸುತ್ತು ನೋಡಿದಳು, ಮೆಚ್ಚಿದಂತೆ ಕಂಡಳು. ಗುಲಾಬಬಿ ಎದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಗುತ್ತಿದ್ದಳು. ಹೇಳಿದಂತೆಯೇ ನಗುತ್ತಿದ್ದಳು. ಎಲ್ಲವೂ ಅವನು ಅಂದುಕೊಂಡ ಹಾಗೆ ನಡೆಯಿತು. ಆ ಹಲ್ಲುಗಳ ಹಿಂದೆ ಕೂತ ಹೆಂಗಸು ಯಾರು ಎಂದು ಮಾತ್ರ ಅವನಿಗೆ ತಿಳಿಯದಾಯಿತು.

ಆಗ ಅವಳ ದವಡೆ ಸಣ್ಣಗೆ ಅಲುಗುತ್ತಿರುವುದು ಕಂಡಿತು. ಹೊಸ ಹಲ್ಲು ಹಾಕಿಸಿಕೊಂಡವರೆಲ್ಲ ಒಂದರ ಮೇಲೊಂದು ಒತ್ತಿ ನೋಡುತ್ತಾರೆ. ಇದೂ ಅದೇ ಇರಬೇಕು ಎಂದುಕೊಂಡ. ಮತ್ತೆ ನೋಡಿದ. ಅವಳ ಕೆಳತುಟಿ ಒಳಗೆ ಹೋಗುತ್ತಿತ್ತು, ಹಲ್ಲಿಗೆ ಸಿಗುತ್ತಿತ್ತು, ಹೊರಗೆ ಬರುತ್ತಿತ್ತು. ಪ್ರತಿ ಸಲವೂ ಸ್ವಲ್ಪ ಹೆಚ್ಚು ಕೆಂಪಾಗಿ ಬರುತ್ತಿತ್ತು.

ಜೋಮು ಇಳಿಯುವ ತನಕ ಏನೂ ಅಗಿಯಬೇಡಿ, ತುಟಿ ಕಡಿದುಕೊಂಡರೂ ಗೊತ್ತಾಗುವುದಿಲ್ಲ. ಸೂಜಿ ಚುಚ್ಚಿಸಿಕೊಂಡ ಪ್ರತಿಯೊಬ್ಬರಿಗೂ ಈ ದವಾಖಾನೆಯಲ್ಲಿ ಈ ಮಾತು ಹೇಳಿಯೇ ಕಳಿಸುತ್ತಾರೆ. ಹೇಳುವವಳು ಅಂಜನಾ. ಇವತ್ತು ಯಾರೂ ಹೇಳಿರಲಿಲ್ಲ.

ಅವನು ಬೆರಳನ್ನು ತನ್ನ ತುಟಿಗೆ ತಾಗಿಸಿ ಸನ್ನೆ ಮಾಡಿದ. ಅವಳಿಗೆ ಅದು ಇನ್ನಷ್ಟು ನಗು ಎಂದು ಹೇಳಿದಂತೆ ಕಂಡಿತು. ಇನ್ನಷ್ಟು ನಕ್ಕಳು. ಬಿಳಿಯ ಸಾಲಿನ ಸಂದುಗಳಲ್ಲಿ ಕೆಂಪು ಗೆರೆಗಳು ಎದ್ದವು.

ಮಕ್ತುಮಬಿ ಸಕ್ಕರೆಯ ಬಟ್ಟಲು ಹಿಡಿದು ಎದ್ದು ಬಂದಳು. ಗುಲಾಬಬಿ ಬಾಯಿ ತೆರೆದಳು. ಸಕ್ಕರೆ ಬಿತ್ತು. ಮಕ್ತುಮಬಿಯ ಕೈ ಅಲ್ಲೇ ನಿಂತಿತು. ಅವಳು ಕೆಂಪಾದ ತನ್ನ ಬೆರಳ ತುದಿ ನೋಡಿಕೊಂಡಳು, ಆಮೇಲೆ ಆ ಬಾಯಿಯನ್ನು ನೋಡಿದಳು. ಇಬ್ರಾಹಿಂಸಾಬರ ಮಾತು ಅರ್ಧಕ್ಕೆ ನಿಂತಿತು.

ಮರುಗಳಿಗೆ ಮಕ್ತುಮಬಿ ನಕ್ಕಳು.

"ಎಲಿ ಹಾಕೀರೇನ್ರಿ ಬೀಗರ? ಬಣ್ಣ ಭಾಳ ಛಲೋ ಬಂದೈತಿ."

ಎಲ್ಲರೂ ಹಗುರಾದರು. ಯುನೂಸನ ಬಾಯಿ ತೆರೆಯಿತು. ಅದು ರಕ್ತ ಎಂದರೆ ಸಾಕಿತ್ತು. ಅಷ್ಟು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಯಾಕೆ ಸೂಜಿ, ಯಾವ ಹಲ್ಲು, ಯಾರಿಗಾಗಿ. ಜನ್ಮದಲ್ಲಿ ಒಮ್ಮೆಯೂ ಎಲೆ ಅಡಿಕೆ ಬಾಯಿಗೆ ಹಾಕದ ಗುಲಾಬಬಿ ಗೊಂದಲದಿಂದ ಮಗನ ಕಡೆ ನೋಡಿದಳು. ಏನು ಹೇಳಲಿ ಎಂದು ಅವಳ ಕಣ್ಣು ಕೇಳುತ್ತಿತ್ತು.

"ಹೌದ್ರಿ," ಎಂದ ಯುನೂಸ. "ಊಟ ಆದ ಮ್ಯಾಲೆ ಆಕಿಗೆ ಎಲಿ ಬೇಕ ನೋಡ್ರಿ."

ಗುಲಾಬಬಿ ಕೇಳಿಸಿಕೊಂಡಳು. ಒಂದು ಗಳಿಗೆ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹೇಳಿದ್ದು ಅರ್ಥವಾಯಿತು ಎಂಬ ಒಪ್ಪಿಗೆ ಮಾತ್ರ ಇತ್ತು.

ಅವಳು ಅಗಿಯತೊಡಗಿದಳು. ಬಾಯಲ್ಲಿ ಎಲೆ ಇರಲಿಲ್ಲ, ಅಡಿಕೆ ಇರಲಿಲ್ಲ. ಸಕ್ಕರೆ ಕರಗಿ ಹೋಗಿತ್ತು. ಎಂಟು ಹೊಸ ಹಲ್ಲುಗಳು ಒಂದೇ ಸಮನೆ ಮೇಲೇಳುತ್ತ, ಕೆಳಗಿಳಿಯುತ್ತ, ಸಿಕ್ಕಿದ್ದನ್ನು ಅಗಿದವು. ತುಟಿಯ ಅಂಚಿನಿಂದ ಒಂದು ಕೆಂಪು ಎಳೆ ಗದ್ದದ ಕಡೆ ಇಳಿಯಿತು. ಅವಳಿಗೆ ಗೊತ್ತಾಗಲಿಲ್ಲ. ಮಕ್ತುಮಬಿ ಮೆಚ್ಚುಗೆಯಿಂದ ನೋಡುತ್ತ ನಿಂತಳು. ಗುಲಾಬಬಿ ಮಗನ ಕಡೆ ನೋಡುತ್ತ, ನಗುತ್ತ, ಅಗಿಯುತ್ತಲೇ ಇದ್ದಳು.