ಎಡಗಿವಿಯ ಗುರುತು

ಸುರಪುರದ ಕಾಲೇಜಿನಲ್ಲಿ ಪಾಠ ಹೇಳುವ ನಂದಿನಿ, ಹಳೆಯ ಜರ್ಮನ್ ಸಿನಿಮಾ ತೋರಿಸುತ್ತಾರೆಂದು ತಾಯಿ ಶೇಖಮ್ಮನನ್ನು ಕರೆದುಕೊಂಡು ಹೋಗಿ, ಕಥೆಯನ್ನು ಕಿವಿಯಲ್ಲಿ ಹೇಳುತ್ತ ಕೂತಳು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಒಬ್ಬ ಮನೆಗೆ ಬರುತ್ತಾನೆ. ಇವನು ನಿಜವಾದ ಗಂಡನೋ, ಬೇರೆಯವನೋ ಎಂದು ಊರೆಲ್ಲ ಕೇಳುತ್ತದೆ. ಕಡೆಗೆ ಹೆಂಡತಿಯೇ ಪೊಲೀಸರ ಮುಂದೆ, ಇವನು ನನ್ನ ಗಂಡ ಅಲ್ಲ ಅನ್ನುತ್ತಾಳೆ.

“ಹಾಳಾದಾಕಿ!” ಶೇಖಮ್ಮ ಎದ್ದೇಬಿಟ್ಟಳು. “ನಡಿ, ಸಾಕು.”

“ಖರೇ ಹೇಳ್ಯಾಳಲ್ಲವ್ವ, ತಪ್ಪೇನದ?”

ತಮ್ಮೂರು ಸಗರದ ಬಸ್ಸು ಹತ್ತಿದ ಮೇಲೂ ಶೇಖಮ್ಮನ ಸಿಟ್ಟು ಇಳಿಯಲಿಲ್ಲ.

ಹಿಂದೆ, ನಂದಿನಿ ಹುಟ್ಟಿದ ವರ್ಷ, ಕುರಿ ಹೊಡಕೊಂಡು ತೆಲುಗು ಸೀಮೆಗೆ ಹೋದ ಅವಳ ಗಂಡ ಮಾನಪ್ಪನ ಪತ್ತೆಯೇ ವರ್ಷಗಟ್ಟಲೆ ಇರಲಿಲ್ಲ. ಒಂದು ದಿನ ಗಡ್ಡ ಬಿಟ್ಟವನೊಬ್ಬ ಬಾಗಿಲಿಗೆ ಬಂದು, ನಾನೇ ಮಾನಪ್ಪ ಅಂದ. ಅಳುತ್ತಿದ್ದ ನಂದಿನಿಯನ್ನು ಎತ್ತಿಕೊಂಡು, “ಕೂಸು ಉಂಡದೇನು?” ಎಂದು ಕೇಳಿದ. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ.

ಮರುದಿನ ಕುರಿಮರಿಗಳಿಗೆ ಮನೆತನದ ಗುರುತು ಹಾಕಲು ಕೂತವನು ಎಡಗಿವಿಯ ತುದಿ ಕೊಯ್ದ. ಆ ಮನೆಯವರು ಅಜ್ಜನ ಕಾಲದಿಂದಲೂ ಬಲಗಿವಿ ಕೊಯ್ಯುವವರು. ಮೈದುನ ಬೀರೇಶ ಹುಬ್ಬೇರಿಸಿದ.

“ಈ ವರ್ಷದಿಂದ ನಾನೇ ಬದಲ ಮಾಡೀನಿ,” ಅಂದಿದ್ದಳು ಶೇಖಮ್ಮ. ಆಮೇಲೆ ಬಲಗಿವಿ ಕೊಯ್ದ ಹಳೆ ಕುರಿ ಒಂದೂ ಉಳಿಯದಂತೆ ಸಂತೆಗೆ ಹೊಡೆದಳು.

ಈಗ ಮನೆಯ ಮುಂದೆ ಮಾನಪ್ಪ ಚೂರಿ ಮಸೆಯುತ್ತ ಕೂತಿದ್ದ. “ಸಿನಿಮಾ ಹ್ಯಾಂಗಿತ್ತು?”

“ಆ ಹೆಣ್ಮಗಳಿಗಿ ಬಾಳೇವು ಮಾಡಾಕ ಬರಂಗಿಲ್ಲ,” ಎಂದು ಶೇಖಮ್ಮ ಹೊಸ ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಅದರ ಎಡಗಿವಿಯನ್ನು ಅವನ ಕೈಗೆ ಕೊಟ್ಟಳು.