ಇಳಿಜಾರಿನಲ್ಲಿ ಇಂಜಿನ್ನು ಕೂಗುತ್ತಿರಲಿ

ಮಾಗಿ ಚಳಿಯ ಒಂದು ಮುಂಜಾನೆ. ಕೋಳಿ ಕೂಗಿದ್ದರೂ ಎದುರು ನಿಂತವರ ಮುಖ ಇನ್ನೂ ಸರಿಯಾಗಿ ಕಾಣದ ಹೊತ್ತು. ತಾಳವಾಡಿ ಸೀಮೆಯ ದೊಡ್ಡಗಾಜನೂರಿನ ಹೊಲವೊಂದರ ಬದುವಿಗೆ ಬಸವಯ್ಯನ ಆರು ಚಕ್ರದ ಲಾರಿ ಬಂದು ನಿಂತಿತ್ತು. ಹೆಂಗಸರು ಕೋಸು ಕುಯ್ದು ಮೂಟೆಗೆ ತುಂಬುತ್ತಿದ್ದರು. ಗಂಡಸರು ಮೂಟೆ ಹೊತ್ತು ಹಲಗೆ ಏರಿ ಲಾರಿಗೆ ಹಾಕುತ್ತಿದ್ದರು. ಆ ಗಂಡಸರಲ್ಲಿ ನಿಂಗರಾಜು ಒಬ್ಬ. ಅವನಪ್ಪ ಚಿಕ್ಕಸಿದ್ದ ಇದ್ದಷ್ಟು ಕಾಲ ಮೂಟೆ ಹೊತ್ತವನೇ. ತಾತನೂ ಅಷ್ಟೆ. ಆಗ ಲಾರಿ ಇರಲಿಲ್ಲ, ಎತ್ತಿನ ಗಾಡಿ ಇತ್ತು, ಅಷ್ಟೇ ವ್ಯತ್ಯಾಸ.

ಲಾರಿ ಓಡಿಸುವ ಸಿದ್ದೇಶ ಗೆಟ್ಟವಾಡಿಯವನು. ತಲೆ ನರೆತ ಮನುಷ್ಯ. ಆ ದಿನ ಎಡಗಾಲಿನ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದ.

“ಯಾಕಣ್ಣ, ಮಂಡಿ ಇನ್ನೂವ ನೋಯ್ತದಾ?” ಎಂದು ಕೇಳಿದ ನಿಂಗರಾಜು.

“ನೋವ್ನ ತಡ್ಕಬೈದು ಕಣ್ಲಾ. ಕ್ಲಚ್ಚು ಒತ್ತುದ್ರ ಕಾಲು ನಡುಗ್ತದ. ಘಾಟಿಲಿ ಕಾಲು ನಡುಗುದ್ರ ಏನಾಯ್ತದ ಏಳು? ಅದ್ಕೆ ಬಸವಯ್ಯನ್ಗ ಏಳ್ಬುಟ್ಟಿನಿ, ಇನ್ನೊಬ್ಬ ಡ್ರೈವರ್ನ ಮಾಡ್ಕಳಿ ಅಂತ.”

“ಯಾರ್ನ ಮಾಡ್ಕಂಡಾರು?”

“ನಿನ್ನ.”

ಹೆಗಲ ಮೇಲಿದ್ದ ಮೂಟೆ ಇಳಿಸುವುದೇ ನಿಂಗರಾಜುವಿಗೆ ಮರೆತುಹೋಯಿತು. “ತಮಾಸೆ ಮಾಡ್ಬ್ಯಾಡ ಬುಡಣ್ಣ. ನಾ ಎಂಟ್ನೆ ಕ್ಲಾಸೂ ಪಾಸಾಗಿಲ್ಲ.”

“ಆ ರೂಲ್ನ ತಗದು ವರ್ಸಗಳೇ ಆದೊ. ಕಣ್ಣು ಸರ್ಯಾಗಿ ಕಾಣ್ಬೇಕು, ರಸ್ತ ಬೋರ್ಡು ತಿಳೀಬೇಕು. ಇಪ್ಪತ್ತು ತುಂಬಿರ್ಬೇಕು. ಸಣ್ಣ ಗಾಡಿ ಲೈಸನ್ಸು ಸಿಕ್ಕಿ ಒಂದ್ವರ್ಸ ಕಳ್ದಿರ್ಬೇಕು. ನಿಂಗ ಎಲ್ಲನೂ ಆಗದಲ್ಲ?”

ಆಗಿತ್ತು. ಸೋದರಮಾವನ ಮಗ ಸ್ವಾಮಿ ಒಂದು ಪಿಕಪ್ ಇಟ್ಟಿದ್ದ. ಅದನ್ನು ಊರ ಸುತ್ತ ಓಡಿಸಲೆಂದು ನಿಂಗರಾಜು ಸಣ್ಣ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡಿದ್ದ. ಆದರೆ ಲಾರಿ ಬೇರೆ, ಊರ ಸುತ್ತ ಬೇರೆ, ಸತ್ಯಮಂಗಲದ ಕಡೆಗೆ ಇಳಿಯುವ ಇಪ್ಪತ್ತೇಳು ತಿರುವಿನ ದಿಂಬಂ ಘಾಟಿ ಬೇರೆ.

ಮನೆಗೆ ಬಂದು ವಿಷಯ ಹೇಳಿದಾಗ ತಾಯಿ ಪುಟ್ಟಿ ಮುದ್ದೆ ತೊಳಸುತ್ತಿದ್ದಳು. ಕೋಲು ಅಲ್ಲೇ ನಿಂತಿತು.

“ಮೂಟ ಒರೋರು ಮೂಟ ಒರ್ಬೇಕು, ಸ್ಟೇರಿಂಗು ಇಡಿಯೋರು ಸ್ಟೇರಿಂಗು ಇಡಿಬೇಕು. ದಿಂಬಂ ಘಾಟಿ ಏನು ನಿಮ್ಮಪ್ಪನ್ ಒಲವಾ, ಇಷ್ಟ ಬಂದಂಗ ತಿರುಗ್ಸಕ್ಕ?”

ನಿಂಗರಾಜುವಿನ ಹೆಂಡತಿ ಸೆಲ್ವಿ ಘಾಟಿಯ ಕೆಳಗಿನ ಊರಿನವಳು. ಅವಳು ಒಲೆಯ ಪಕ್ಕದಿಂದಲೇ ಹೇಳಿದಳು: “ಅತ್ತ, ನಾ ಮದ್ವಾಗಿ ಬಂದಾಗ ಒಂದೊಂದು ತಿರುವ್ಗೂ ವಾಂತಿ ಮಾಡ್ಕಂಡು ಬಂದಿ. ಈಗ ತೌರ್ಗ ಓಗೋವಾಗ ನಿದ್ದ ಮಾಡ್ತೀನಿ. ಅಭ್ಯಾಸ ಆಯ್ತದ.”

“ನೀ ಸೀಟ್ನಲ್ಲಿ ಕುಂತಿದ್ದ ಕಣವ್ವ. ಬಸ್ಸ ನೀನೇನು ಓಡುಸ್ಲಿಲ್ಲ.”

“ಕಲುಸ್ಕೊಟ್ರ ಓಡುಸ್ತೀನಿ” ಎಂದಳು ಸೆಲ್ವಿ. ಪುಟ್ಟಿಗೆ ನಗು ಬಂತು, ನಕ್ಕಳು. ನಕ್ಕ ಮೇಲೆ ಗಟ್ಟಿಯಾಗಿ ಬೇಡ ಎನ್ನಲು ಆಗಲಿಲ್ಲ. ಕಲಿಯಲಿ, ಓಡಿಸುವುದು ಬಿಡುವುದು ಆಮೇಲೆ ನೋಡೋಣ ಎಂಬಲ್ಲಿಗೆ ಮಾತು ನಿಂತಿತು.

ನಿಂಗರಾಜು ಡಾಕ್ಟರ ಹತ್ತಿರ ಕಣ್ಣು, ಕಿವಿ ತೋರಿಸಿ ಸರ್ಟಿಫಿಕೇಟು ತಂದ. ಸತ್ಯಮಂಗಲದ ಒಂದು ಡ್ರೈವಿಂಗ್ ಶಾಲೆಗೆ ಸೇರಿದ. ದೊಡ್ಡ ಗಾಡಿಗೆ ಕಲಿಯುವವರ ಲೈಸೆನ್ಸು ಬಂತು. ಬಯಲು ರಸ್ತೆಯಲ್ಲಿ ಲಾರಿ ಅವನ ಮಾತು ಕೇಳಿತು. ಕನ್ನಡಿ ನೋಡುವುದು, ಹಿಂದಕ್ಕೆ ತೆಗೆಯುವುದು, ಗೇರು ಬದಲಿಸುವುದು ಎಲ್ಲವೂ ಕೈಗೆ ಹತ್ತಿತು. ರಜೆ ಇದ್ದ ದಿನಗಳಲ್ಲಿ ಬಸವಯ್ಯನ ಖಾಲಿ ಲಾರಿಗೆ ಕೆಂಪು ‘ಎಲ್’ ಹಚ್ಚಿ, ಪಕ್ಕದಲ್ಲಿ ಸಿದ್ದೇಶನನ್ನು ಕೂರಿಸಿಕೊಂಡು ತಾಳವಾಡಿ ರಸ್ತೆಯಲ್ಲಿ ಓಡಿಸಿದ. ಒಂದು ದಿನ ಸಿದ್ದೇಶ, “ಇವತ್ತು ಘಾಟಿ ಇಳ್ಸವ” ಎಂದ.

ದಿಂಬಂ ದಾಟಿ ಮೊದಲ ಎರಡು ತಿರುವು ಹೇಗೋ ಇಳಿದ. ಮೂರನೆಯದರಲ್ಲಿ ಲಾರಿಯ ಮೂತಿ ತಿರುವಿನೊಳಗೆ ಹೋದ ಮೇಲೆ ಕೆಳಗಿನಿಂದ ಬಸ್ಸು ಬಂತು. ಇಬ್ಬರೂ ನಿಂತರು. ಹಿಂದೆ ಕಾರುಗಳು, ಹಾರನ್ನು. ಒಂದು ಪಕ್ಕ ಬಂಡೆ, ಒಂದು ಪಕ್ಕ ಕಣಿವೆ. ನಿಂಗರಾಜುವಿನ ಕೈ ಬೆವೆತು ಸ್ಟೇರಿಂಗ್ ಜಾರತೊಡಗಿತು. ಬಸ್ಸಿನ ಕಿಟಕಿಯಿಂದ ಯಾರೋ ಊರ ಕಡೆಯವರೇ ಕೂಗಿದರು: “ಇವ್ನು ಪುಟ್ಟಿ ಮಗ ಅಲ್ವಾ? ಮೂಟ ಒತ್ಕಂಡು ಇರದ ಬುಟ್ಟು ಇವ್ನ್ಗ ಯಾಕ್ ಬೇಕಿತ್ತು ಇದು!”

ಬಸ್ಸಿನ ಒಳಗೆ ನಗು ಎದ್ದಿತು. ನಿಂಗರಾಜು ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದುಬಿಟ್ಟ. ಸಿದ್ದೇಶ ಸ್ಟೇರಿಂಗ್ ಕಡೆಯ ಸೀಟಿಗೆ ಜರುಗಿ, ಹಿಂದಿನ ಕಾರುಗಳು ಸರಿದ ಮೇಲೆ, ನೋಯುವ ಕಾಲಿನಲ್ಲೇ ಲಾರಿಯನ್ನು ಹಿಂದಕ್ಕೆ ತೆಗೆದು ಬಸ್ಸಿಗೆ ದಾರಿ ಬಿಟ್ಟ.

ಮಾರನೆಯ ದಿನದಿಂದ ನಿಂಗರಾಜು ಲಾರಿಯ ಹತ್ತಿರ ಸುಳಿಯಲಿಲ್ಲ. ಕೇಳಿದವರಿಗೆಲ್ಲ, “ನಮ್ಮವ್ವ ಬ್ಯಾಡ ಅಂತಳ” ಎಂದ. ಅವ್ವನಿಗೆ ಮನಸ್ಸಿಲ್ಲದ್ದು ನಿಜ. ಅವನ ಕಾಲು ಹಿಂದೆ ಸರಿದದ್ದು ಅದಕ್ಕಲ್ಲ ಎಂಬುದೂ ನಿಜ. ಎಂಟು ದಿನ ಬಿಟ್ಟು ಸಿದ್ದೇಶ ಅವನ ಮನೆಗೇ ಬಂದ.

“ನಡಿ, ದಿಂಬಕ್ಕ ಓಗಿ ಟೀ ಕುಡ್ಕ ಬರವ.”

“ನಾ ಸ್ಟೇರಿಂಗು ಮುಟ್ನಾರಿ ಕಣಣ್ಣ.”

“ಮುಟ್ಬ್ಯಾಡ. ಬಸ್ಸಲ್ಲೇ ಓಗವ.”

ಘಾಟಿಯ ತಲೆಯ ಮೇಲೆ, ಟೀ ಅಂಗಡಿಯ ಬೆಂಚಿನಲ್ಲಿ ಇಬ್ಬರೂ ಕುಳಿತರು. ಬಿಸಿಲು ಏರಿತ್ತು. ಸಿದ್ದೇಶ, “ಕಣ್ಣು ಮುಚ್ಕ” ಎಂದ.

“ಯಾಕ?”

“ಮುಚ್ಕ ಅಂದಿ, ಮುಚ್ಕ. ಕಿವಿಲಿ ಕೇಳು. ಈಗ ಒಂದು ಲಾರಿ ಇಳೀತಾ ಅದ. ಏನು ಕೇಳ್ತದ?”

“ಇಂಜಿನ್ನು ಗೊರ್ರ್ ಅಂತದ.”

“ಅದು ಸಣ್ಣ ಗೇರಲ್ಲಿ ಇಳೀತಾ ಅದ. ನಿಮ್ಮ ತಾತ ಎತ್ತಿನ್ ಗಾಡಿ ಜೊತ ಇಳಿಯೋವಾಗ ಹಿಂದ್ಕ ಮರದ ದಿಂಡು ಕಟ್ಟಿ ಎಳುಸ್ತಿದ್ದ, ನಾ ಕಣ್ಣಾರ ಕಂಡಿವ್ನಿ. ಎತ್ತಿನ್ ಮ್ಯಾಲ ಭಾರ ಬೀಳ್ದಿರ್ಲಿ ಅಂತ. ನಮ್ಗ ಗೇರೇ ಆ ದಿಂಡು. ಯಾವ ಗೇರಲ್ಲಿ ಹತ್ತೀಯೋ ಆ ಗೇರಲ್ಲೇ ಇಳೀಬೇಕು. ಆಗ ಇಂಜಿನ್ನೇ ಚಕ್ರವ ಇಡ್ಕಂಡಿರ್ತದ, ಬ್ರೇಕ್ಗ ಕೆಲ್ಸ ಕಮ್ಮಿ.”

ಹೀಗೆ ಬಹಳ ಹೊತ್ತು ಕೇಳಿದರು. ಹತ್ತುವ ಗಾಡಿ ಎಲ್ಲಿ ಗೇರು ಬದಲಿಸಿತು, ಇಳಿಯುವ ಗಾಡಿ ತಿರುವಿಗೆ ಮುಂಚೆಯೇ ನಿಧಾನ ಮಾಡಿತೋ, ತಿರುವಿಗೆ ಹೊಕ್ಕ ಮೇಲೆ ಮಾಡಿತೋ, ಎಲ್ಲವೂ ನಿಂಗರಾಜುವಿನ ಕಿವಿಗೆ ತಿಳಿಯತೊಡಗಿತು. ಅಷ್ಟರಲ್ಲಿ ಸದ್ದೇ ಇಲ್ಲದ ಒಂದು ಗಾಡಿ ಸರ್ರನೆ ಮುಂದೆ ಹೋಯಿತು.

“ಇದ್ಯಾಕಣ್ಣ ಸುಮ್ನ ಅದ?”

“ಕಣ್ಣು ಬುಟ್ಟು ನೋಡು.”

ನೋಡಿದರೆ ಸ್ವಾಮಿಯ ಪಿಕಪ್. ಕೋಸಿನ ಮೂಟೆ ಮೇಲಿನವರೆಗೆ ಏರಿಸಿತ್ತು. ಸ್ವಾಮಿ ಕಿಟಕಿಯಿಂದ ತಲೆ ಹಾಕಿ, “ಏನ್ಲಾ ನಿಂಗ, ಟೀ ಕುಡಿಯಕ್ಕ ಲೈಸನ್ಸು ಸಿಕ್ತಾ?” ಎಂದು ಕಿಸಕ್ಕನೆ ನಕ್ಕು ಇಳಿದುಹೋದ.

“ನ್ಯೂಟ್ರಲ್ಲು” ಎಂದ ಸಿದ್ದೇಶ. “ಡೀಸಲ್ ಉಳೀತದ ಅಂತ ಘಾಟಿ ಪೂರಾ ಗೇರ್ ತಗದು ಬುಟ್ಕಂಡು ಓಯ್ತನ. ನಮ್ಮ ಕಡ ಅದ್ನ ಒಂದು ದೊಡ್ಡ ಜಾಣ್ತನ ಅನ್ಕಂಡವ್ರ. ಭಾರವೆಲ್ಲ ಬ್ರೇಕಿನ್ ಮ್ಯಾಲೇ. ಬ್ರೇಕು ಕಾದ್ರ ಇಡಿಯಕಿಲ್ಲ.”

ಸ್ವಲ್ಪ ಹೊತ್ತಿಗೆ ಸತ್ಯಮಂಗಲದ ಕಡೆಗೆ ಹೋಗುವ ಬಸ್ಸು ಬಂತು. ಶಾಲೆಯಲ್ಲಿ ಬಾಕಿ ಇದ್ದ ಪಾಠದ ಬಗ್ಗೆ ಮಾತಾಡಿಕೊಂಡು ಬರೋಣ ಎಂದು ಸಿದ್ದೇಶ ಅವನನ್ನು ಹತ್ತಿಸಿದ. ಅರ್ಧ ಘಾಟಿ ಇಳಿಯುವಾಗ ಬಸ್ಸಿನೊಳಗೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಸ್ವಾಮಿಯ ಪಿಕಪ್ ಬಂಡೆಯ ಕಡೆಯ ಮಣ್ಣಿಗೆ ಮೂತಿ ಊರಿ ನಿಂತಿತ್ತು. ಚಕ್ರಗಳಿಂದ ಹೊಗೆ. ರಸ್ತೆ ತುಂಬ ಕೋಸು. ಸ್ವಾಮಿ ಒಂದು ಮೂಟೆಯ ಮೇಲೆ ಕುಳಿತಿದ್ದ. ಮೈಗೆ ಏನೂ ಆಗಿರಲಿಲ್ಲ. ನಿಂಗರಾಜು ಬಸ್ಸಿನಿಂದ ಹಾರಿ ಇಳಿದು ನೀರು ಕೊಟ್ಟ. ಸ್ವಾಮಿ ಒಂದು ಗುಟುಕು ಕುಡಿದು ಬಾಟಲಿ ಕೆಳಗಿಟ್ಟ.

“ಬ್ರೇಕ್ ತುಳುದಿ ಕಣ್ಲಾ, ತುಳುದಿ. ಇಡೀಲೇ ಇಲ್ಲ. ಈ ಕಡ ಮಣ್ಣಿತ್ತು, ಬದುಕ್ದಿ. ಆ ಕಡ ಓಗಿದ್ರ...” ಅವನು ಕಣಿವೆಯ ಕಡೆಗೆ ನೋಡಲಿಲ್ಲ.

ಸಿದ್ದೇಶನೂ ಇಳಿದು ಬಂದ. ಮೂವರೂ ಸೇರಿ ಕೋಸು ಆಯುವಾಗ ನಿಂಗರಾಜು ಅವನನ್ನು ಮೆಲ್ಲಗೆ ಕೇಳಿದ: “ಅಣ್ಣ, ನಿಂಗ ಈ ಘಾಟಿ ಅಂದ್ರ ಹೆದ್ರಿಕ ಇಲ್ವಾ?”

“ಅದ. ದಿನಾಲೂ ಅದ. ಅದ್ಕೇ ನಿಧಾನ್ಕ ಓಯ್ತೀನಿ. ಮೊದಮೊದ್ಲು ನಾನೂ ಬಸ್ಸು ಕಂಡು ನಡುಗಿವ್ನಿ. ನೀ ಅವತ್ತು ನಡುಗ್ದಲ್ಲ, ಅದು ತಪ್ಪಲ್ಲ. ತಿರುವಿನ್ ಒಳಕ್ಕ ಓಗೋ ಮುಂಚೆ ನಿಲ್ಲುಸ್ನಿಲ್ವಲ್ಲ, ಅದು ತಪ್ಪು. ಹತ್ತಿ ಬರೋನ್ಗ ಮೊದ್ಲು ದಾರಿ. ಅಷ್ಟೇ ನೀ ಕಲೀಬೇಕಾಗಿರದು.”

ಆ ಮಾತು ನಿಂಗರಾಜುವಿನ ಎದೆಗೆ ಇಳಿಯಿತು. ಮತ್ತೆ ಸ್ಟೇರಿಂಗ್ ಹಿಡಿದ. ಒಂದು ದಿನ ನಾಲ್ಕು ತಿರುವು ಇಳಿದು ಸಿದ್ದೇಶನಿಗೆ ಕೊಟ್ಟ. ಇನ್ನೊಂದು ದಿನ ಅರ್ಧ ಘಾಟಿ. ಯುಗಾದಿಯ ಹೊತ್ತಿಗೆ ಪೂರ್ತಿ. ಆರ್‌ಟಿಓ ಪರೀಕ್ಷೆಯಲ್ಲಿ ಪಾಸಾಗಿ ದೊಡ್ಡ ಗಾಡಿಯ ಲೈಸೆನ್ಸು ಕೈಗೆ ಬಂತು.

ಆದರೆ ಸ್ವಾಮಿಯ ಪಿಕಪ್ ಕಥೆ ಕೇಳಿದ ಮೇಲೆ ಪುಟ್ಟಿ ಕಲ್ಲಾಗಿದ್ದಳು. “ಲೈಸನ್ಸು ಬಂತಲ್ಲ, ಡಬ್ಬದಲ್ಲಿ ಮಡಗು. ನನ್ ಮಗ ನನ್ಗ ಬೇಕು” ಎಂದಳು. ಬಸವಯ್ಯ ಸಂತೆ ದಿನದೊಳಗೆ ಉತ್ತರ ಹೇಳು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದ. ತಾಯಿಯ ಮನಸ್ಸು ನೋಯಿಸಿ ಹೊರಡಲು ನಿಂಗರಾಜುವಿಗೆ ಆಗದು. ಬಿಡಲೂ ಆಗದು.

ಸಿದ್ದೇಶ ಪುಟ್ಟಿಯ ಮುಂದೆ ಕುಳಿತು, “ಅಕ್ಕ, ಒಂದ್ಸಲ ನೀನೂ ಬಂದು ಕುಂತ್ಕ. ಆಮ್ಯಾಕ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ” ಎಂದ.

“ಬತ್ತೀನಿ. ಬೀಳದಾದ್ರ ಇಬ್ರೂ ಬೀಳವ” ಎಂದು ಪುಟ್ಟಿ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ರಾತ್ರಿ ಮುಚ್ಚಿರುವ ಕಾಡಿನ ಚೆಕ್‌ಪೋಸ್ಟ್ ಬೆಳಿಗ್ಗೆ ತೆರೆಯುವ ಹೊತ್ತಿಗೆ ಹೊರಟರು. ಪುಟ್ಟಿ ಮಧ್ಯೆ, ಸಿದ್ದೇಶ ಕಿಟಕಿಯ ಕಡೆ. ಬಸ್ಸಿನಲ್ಲಿ ಎಷ್ಟೋ ಸಲ ಹೋದ ರಸ್ತೆಯೇ. ಆದರೆ ಮುಂದಿನ ಗಾಜಿನಿಂದ ಅವಳು ಅದನ್ನು ನೋಡಿದ್ದು ಮೊದಲ ಸಲ. ದಿಂಬಂ ಬಂದಾಗ ಕೈಯಲ್ಲಿ ಮಡಚಿದ ಎಲೆ ಬಾಯಿಗೆ ಹೋಗಲೇ ಇಲ್ಲ.

ನಿಂಗರಾಜು ಗೇರು ಇಳಿಸಿದ. ಇಂಜಿನ್ನು ಕೂಗತೊಡಗಿತು.

“ಯಾಕ್ಲಾ ಹಿಂಗ ಕಿರುಚ್ತದ? ಕೆಟ್ಟೋಯ್ತಾ?”

“ಇಲ್ಲ ಕಣವ್ವ. ನಮ್ಮ ತಾತನ್ ದಿಂಡು ಅದು.”

ತಿರುವು ಬಂದಾಗಲೆಲ್ಲ ಮುಂಚೆಯೇ ನಿಧಾನ ಮಾಡಿ, ಹಾರನ್ನು ಹೊಡೆದು, ಕೆಳಗೆ ನೋಡಿ ಇಳಿದ. ಅವನಿಗೆ ಅವಸರ ಇರಲಿಲ್ಲ. ಒಂದು ಕಡೆ ಕೆಳಗಿನಿಂದ ಬಸ್ಸಿನ ಸದ್ದು ಕೇಳಿಸಿತು. ನಿಂಗರಾಜು ತಿರುವಿಗೆ ಇನ್ನೂ ದೂರ ಇರುವಾಗಲೇ ಲಾರಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಹಿಂದಿನ ಕಾರಿನವನು ಹಾರನ್ನು ಬಡಿದ. ನಿಂಗರಾಜು ಕದಲಲಿಲ್ಲ. ಬಸ್ಸು ಏದುಸಿರು ಬಿಡುತ್ತಾ ಮೇಲಕ್ಕೆ ಬಂತು, ತಿರುವನ್ನು ಪೂರ್ತಿ ತೆಗೆದುಕೊಂಡಿತು. ಪಕ್ಕದಲ್ಲಿ ಹಾದು ಹೋಗುವಾಗ ಖಾಕಿ ತೊಟ್ಟ ಬಸ್ಸಿನ ಡ್ರೈವರು ನಿಂಗರಾಜುವಿಗೆ ಕೈ ಎತ್ತಿ, “ನಲ್ಲಾ ಇರುಪ್ಪಾ”, ಚೆನ್ನಾಗಿರಪ್ಪ, ಎಂದು ತಮಿಳಿನಲ್ಲಿ ಹರಸಿ ಹೋದ.

ಪುಟ್ಟಿ ಕತ್ತು ತಿರುಗಿಸಿ ಬಸ್ಸು ಹೋದ ಕಡೆ ನೋಡಿದಳು.

“ಅಂವ ನಿನ್ ಗುರ್ತಿನೋನಾ?”

“ಇಲ್ಲ ಕಣವ್ವ.”

“ಮತ್ತ ಕೈ ಎತ್ತುದ್ನಲ್ಲ?”

“ದಾರಿ ಬುಟ್ನಲ್ಲ, ಅದ್ಕ. ಡ್ರೈವರ್ಗ ಡ್ರೈವರು ಕೈ ಎತ್ತದು.”

ಪುಟ್ಟಿ ತಲೆಯ ಸೆರಗು ಸರಿಮಾಡಿಕೊಂಡಳು. ಅವಳ ಗಂಡ ಆ ರಸ್ತೆಯಲ್ಲಿ ಲೋಡಿನ ಜೊತೆ ಎಷ್ಟೋ ಸಲ ಹೋಗಿದ್ದ. ಅವನಿಗೆ ಯಾರಾದರೂ ಕೈ ಎತ್ತಿದ್ದರೋ ಇಲ್ಲವೋ, ಅವಳಿಗೆ ತಿಳಿಯದು. ಮುಂದಿನ ತಿರುವಿನಲ್ಲಿ ಎಲೆ ಬಾಯಿಗೆ ಹಾಕಿಕೊಂಡಳು. ಘಾಟಿ ಇಳಿದು ಬಣ್ಣಾರಿ ಅಮ್ಮನ ಗುಡಿಯ ಮುಂದೆ ಲಾರಿ ನಿಂತಾಗ, ಮಗನ ಹಣೆಗೆ ತಾನೇ ವಿಭೂತಿ ಇಟ್ಟು, ಸಿದ್ದೇಶನ ಕಡೆ ತಿರುಗಿ ಹೇಳಿದಳು: “ಬಸವಯ್ಯನ್ಗ ಏಳ್ಬುಡಪ್ಪ, ನನ್ ಮಗನೇ ಬತ್ತನ ಅಂತ. ಆದ್ರ ಕುಡುದು ಓಡ್ಸೋ ದಿನ, ನಿದ್ದಗೆಟ್ಟು ಓಡ್ಸೋ ದಿನ ನಾನೇ ಬಂದು ಚಾವಿ ಕಿತ್ಕತೀನಿ, ಅದ್ನೂ ಏಳು.”

“ನಂದೂ ಒಂದು ಮಾತದ ಅತ್ತ” ಎಂದಳು ಆ ಸಂಜೆ ಮನೆಯಲ್ಲಿ ಸೆಲ್ವಿ. “ಮುಂದಿನ್ ವರ್ಸ ಸಣ್ಣ ಗಾಡಿ ಲೈಸನ್ಸು ನಂಗ.” ಈ ಸಲ ಪುಟ್ಟಿ ನಗಲಿಲ್ಲ. “ಮಾಡ್ಸು, ನೋಡವ” ಎಂದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಲಾರಿ ಓಡಿಸುವುದು ಯಾವ ಒಂದು ಮನೆಯವರ ಸ್ವತ್ತೂ ಅಲ್ಲ. ಮೂಟೆ ಹೊತ್ತ ಹೆಗಲೂ ಸ್ಟೇರಿಂಗ್ ತಿರುಗಿಸಬಲ್ಲದು. ಆದರೆ ಕದ್ದು ಕಲಿಯಬೇಡಿ. ಮೊದಲು ಸಣ್ಣ ಗಾಡಿ, ಆಮೇಲೆ ದೊಡ್ಡದು. ಕಣ್ಣು ತೋರಿಸಿ, ಶಾಲೆಯಲ್ಲಿ ಕಲಿತು, ಪರೀಕ್ಷೆ ಕೊಟ್ಟು ಲೈಸೆನ್ಸು ತೆಗೆದುಕೊಳ್ಳಿ. ಮೊದಲ ದಿನ ಕೈ ನಡುಗಿದರೆ ನಾಚಬೇಡಿ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ದಿನ ಹೋಗಿ. ಇಳಿಜಾರಿನಲ್ಲಿ ಗೇರು ತೆಗೆಯಬೇಡಿ, ಇಂಜಿನ್ನು ನಿಲ್ಲಿಸಬೇಡಿ. ಹತ್ತಿ ಬರುವವರಿಗೆ ದಾರಿ ಬಿಡಿ. ಮಕ್ಕಳು ಕಲಿಯುತ್ತೇವೆ ಎಂದರೆ ತಾಯಂದಿರೇ, ಬೇಡ ಎನ್ನುವ ಮುಂಚೆ ಒಂದು ಸಲ ಪಕ್ಕದಲ್ಲಿ ಕುಳಿತು ನೋಡಿ.

ನಿಂಗರಾಜು ಒಬ್ಬನೇ ಕೋಸಿನ ಲೋಡು ಹಾಕಿಕೊಂಡು ಮೇಟುಪಾಳಯದ ಮಾರುಕಟ್ಟೆಗೆ ಹೊರಟಿದ್ದು ಯುಗಾದಿ ಕಳೆದು ಬಂದ ಚಿತ್ರೆ ತಿಂಗಳ ಎರಡನೆಯ ಗುರುವಾರ. ಸಿದ್ದೇಶ ಟಾರು ರಸ್ತೆಯವರೆಗೆ ಬಂದು ನಿಂತ. ಪುಟ್ಟಿ ಎಂದಿನ ಹಾಗೆ ಆ ಹೊತ್ತಿಗಾಗಲೇ ಕಳೆ ಕೀಳಲು ಹೊಲಕ್ಕೆ ಹೋಗಿದ್ದಳು.